ಮೇಜಿನ ಮೇಲೊಂದು ಉತ್ತರ ಪತ್ರಿಕೆ ಇಟ್ಟು ಮಾತಾಡೋಣ

(ವಿಶ್ವವಿದ್ಯಾಲಯದ ಅಧ್ಯಾಪಕರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಅಧ್ಯಾಪಕರು ತಮ್ಮತಮ್ಮಲ್ಲಿ ಪಾಠದ ಬಗ್ಗೆ ಹೇಗೆ ಮಾತಾಡಿಕೊಳ್ಳಬೇಕು ಅನ್ನುವುದು ಇವತ್ತಿನ ವಿಷಯ. ಇದಕ್ಕೂ ಒಂದು ಉಪನ್ಯಾಸ ಬೇಕಾ, ದಿನಾ ಮಾತಾಡುತ್ತಲೇ ಇರುತ್ತೇವಲ್ಲ ಅಂತ ನಿಮಗೆ ಅನ್ನಿಸಿರಬಹುದು. ಮಾತೇನೋ ಆಡುತ್ತೇವೆ. ಏನು ಆಡುತ್ತೇವೆ ಅಂತ ಸ್ಟಾಫ್ ರೂಮಿನಲ್ಲಿ ಕೂತು ಸುಮ್ನೆ ಕೇಳಿಸಿಕೊಳ್ಳಿ. ಸಿಲಬಸ್ ಎಲ್ಲಿಗೆ ಬಂತು? ಇಂಟರ್ನಲ್ ಮಾರ್ಕ್ಸ್ ಕಳಿಸಿದಿರಾ? ಹಾಜರಾತಿ ಕಮ್ಮಿ ಇರುವವರ ಪಟ್ಟಿ ಯಾರ ಹತ್ತಿರ ಇದೆ? ಇದಿಷ್ಟು ಮುಗಿದ ಮೇಲೆ, "ಈಗಿನ ಹುಡುಗರಿಗೆ ಓದೋದೇ ಬೇಡ ಬಿಡಿ" ಅನ್ನುವ ಒಂದು ಮಾತು. ಎಲ್ಲರೂ ತಲೆ ಆಡಿಸುತ್ತೇವೆ. ಬೆಲ್ ಹೊಡೆಯುತ್ತದೆ.

ಇದೆಲ್ಲ ಪಾಠದ ಸುತ್ತಮುತ್ತಲಿನ ಮಾತು. ಪಾಠದ ಒಳಗಿನ ಮಾತು ಬೇರೆ. ನಿನ್ನೆ ಯಾವ ಉದಾಹರಣೆ ಕೊಟ್ಟಿರಿ, ಅದು ಯಾರ ತಲೆಗೆ ಹತ್ತಲಿಲ್ಲ, ಹತ್ತದಿದ್ದವರು ಅದರ ಬದಲು ಏನಂತ ತಿಳಿದುಕೊಂಡರು? ಈ ಮಾತು ನಮ್ಮ ನಡುವೆ ಬರುವುದು ಬಹಳ ಅಪರೂಪ.

ನಮ್ಮ ಸಂಶೋಧನೆಯ ಕಥೆಯೇ ಬೇರೆ, ನೋಡಿ. ಒಂದು ಪೇಪರ್ ಬರೆದರೆ ಮೊದಲು ಸ್ನೇಹಿತರಿಗೆ ತೋರಿಸುತ್ತೇವೆ. ಸೆಮಿನಾರಿನಲ್ಲಿ ಹೇಳುತ್ತೇವೆ, ಬೈಸಿಕೊಳ್ಳುತ್ತೇವೆ, ತಿದ್ದುತ್ತೇವೆ. ಜರ್ನಲ್‌ಗೆ ಕಳಿಸಿದರೆ ಮುಖ ಗೊತ್ತಿಲ್ಲದ ಯಾರೋ ಇಬ್ಬರು ಸಾಲುಸಾಲಾಗಿ ಓದಿ ತಪ್ಪು ಹುಡುಕುತ್ತಾರೆ. ಅದನ್ನು ನಾವು ಅವಮಾನ ಅಂದುಕೊಳ್ಳುವುದಿಲ್ಲ, ಕೆಲಸ ನಡೆಯುವುದೇ ಹಾಗೆ. ಅದೇ ನಾವು ಕ್ಲಾಸಿಗೆ ಹೋದಾಗ ಬಾಗಿಲು ಹಾಕಿಕೊಳ್ಳುತ್ತೇವೆ. ಒಳಗೆ ನಡೆದದ್ದು ನಮಗೆ ಮತ್ತು ವಿದ್ಯಾರ್ಥಿಗಳಿಗೆ ಬಿಟ್ಟರೆ ಇನ್ನೊಬ್ಬರಿಗೆ ಗೊತ್ತಾಗುವುದಿಲ್ಲ.

ಲೀ ಶುಲ್ಮನ್ ಅನ್ನುವ ಶಿಕ್ಷಣ ಚಿಂತಕರು 1993ರಲ್ಲಿ ಒಂದು ಪುಟ್ಟ ಲೇಖನದಲ್ಲಿ ಇದನ್ನೇ ಎತ್ತಿದರು. ಸಂಶೋಧನೆ ಅಂದರೆ ಒಬ್ಬಂಟಿ ಕೆಲಸ, ಪಾಠ ಅಂದರೆ ನಾಲ್ಕು ಜನರ ನಡುವಿನ ಕೆಲಸ ಅಂತ ನಾವು ಅಂದುಕೊಂಡು ಬರುತ್ತೇವೆ. ಬಂದು ನೋಡಿದರೆ ಉಲ್ಟಾ. ಅಧ್ಯಾಪಕ ಒಂಟಿಯಾಗುವುದು ಕ್ಲಾಸಿನಲ್ಲೇ ಅಂದರು ಅವರು. ಅದಕ್ಕೆ ಮೂರು ವರ್ಷ ಮೊದಲು, 1990ರಲ್ಲಿ, ಅಮೆರಿಕದ ಕಾರ್ನೆಗಿ ಪ್ರತಿಷ್ಠಾನದಿಂದ ಅರ್ನೆಸ್ಟ್ ಬಾಯರ್ ಒಂದು ವರದಿ ತಂದಿದ್ದರು. ಹೊಸದನ್ನು ಕಂಡುಹಿಡಿಯುವುದಷ್ಟೇ ಅಲ್ಲ, ಕಲಿಸುವುದೂ ವಿದ್ವತ್ತಿನ ಕೆಲಸವೇ ಅನ್ನುವ ವಾದ ಅದರಲ್ಲಿತ್ತು. ಆಮೇಲೆ ಅದನ್ನು ಎಲ್ಲರೂ ಒಪ್ಪಿದರು. ಪ್ರಮೋಷನ್ ಫಾರಂಗಳು ಮಾತ್ರ ಒಪ್ಪಿದ ಹಾಗೆ ಕಾಣುವುದಿಲ್ಲ.

ಹಾಗಂತ ಯಾರೂ ಮಾತಾಡುವುದೇ ಇಲ್ಲ ಅಂತಲ್ಲ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ರೋಕ್ಸೊ ಮತ್ತು ಮಾರ್ಟೆನ್ಸನ್ ಅನ್ನುವ ಇಬ್ಬರು ಸಂಶೋಧಕರು ಅಧ್ಯಾಪಕರಿಗೆ ಒಂದು ಸರಳ ಪ್ರಶ್ನೆ ಕೇಳಿದರು: ಪಾಠದ ಬಗ್ಗೆ ನೀವು ಮನಸ್ಸಿಟ್ಟು ಮಾತಾಡುವುದು ಯಾರ ಜೊತೆ? 2009ರಲ್ಲಿ ಇದನ್ನು ಪ್ರಕಟಿಸಿದರು. ಹೆಚ್ಚಿನವರಿಗೆ ಅಂಥವರು ಬೆರಳೆಣಿಕೆಯಷ್ಟೇ ಜನ. ಪಕ್ಕದ ರೂಮಿನವರೇ ಆಗಬೇಕು ಅಂತೇನಿಲ್ಲ, ಬೇರೆ ವಿಭಾಗದವರೂ, ಬೇರೆ ಊರಿನವರೂ ಇರಬಹುದು. ಆ ಮಾತಿಗೆ ಮೂರು ಗುಣ ಇತ್ತು. ನಾಲ್ಕು ಜನರ ಎದುರು ಆಡುವಂಥದ್ದಲ್ಲ. ನಂಬಿಕೆ ಇದ್ದವರ ಜೊತೆ ಮಾತ್ರ. ಮತ್ತೆ, ಅದರಲ್ಲಿ ತಲೆಗೆ ಕೆಲಸ ಇರಬೇಕು.

ನನಗೆ ಈ ಮೂರನೆಯದೇ ಮುಖ್ಯ ಅನ್ನಿಸುತ್ತದೆ. ನಮ್ಮ ತರಬೇತಿಗಳಲ್ಲಿ ಇಲ್ಲದೆ ಇರುವುದು ಅದೇ. ಬೆಳಿಗ್ಗೆ ಉದ್ಘಾಟನೆ, ಆಮೇಲೆ ಒಬ್ಬರು ಬಂದು "ವಿದ್ಯಾರ್ಥಿಗಳು ತೊಡಗಿಸಿಕೊಳ್ಳುವಂತೆ ಪಾಠ ಮಾಡಿ" ಅಂತ ತೊಂಬತ್ತು ಸ್ಲೈಡ್ ಓದಿ ಹೇಳುತ್ತಾರೆ. ಯಾರನ್ನೂ ತೊಡಗಿಸಿಕೊಳ್ಳುವುದಿಲ್ಲ. ಸಂಜೆ ಸರ್ಟಿಫಿಕೇಟು. ರಸಾಯನಶಾಸ್ತ್ರ ಕಲಿಸುವವರಿಗೂ ಕಾನೂನು ಕಲಿಸುವವರಿಗೂ ಅದೇ ಸ್ಲೈಡು. ಇದರಿಂದ ಪಾಠ ಬದಲಾಗಲಿಲ್ಲ ಅಂದರೆ ತಪ್ಪು ಅಧ್ಯಾಪಕರದ್ದಲ್ಲ.

ಹಾಗಾದರೆ ಪಾಠ ಬದಲಾಗುವುದು ಯಾವಾಗ? ಒಂದು ನಿಜ ಪ್ರಸಂಗ ಹೇಳುತ್ತೇನೆ. ಎರಿಕ್ ಮಝೂರ್ ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರು. 1984ರಿಂದ ಅಲ್ಲಿ ಪಾಠ ಮಾಡುತ್ತಿದ್ದರು. ವಿದ್ಯಾರ್ಥಿಗಳು ಒಳ್ಳೆಯ ಫೀಡ್‌ಬ್ಯಾಕ್ ಕೊಡುತ್ತಿದ್ದರು. ಕಷ್ಟದ ಲೆಕ್ಕಗಳನ್ನೂ ಮಾಡುತ್ತಿದ್ದರು. ಇನ್ನೇನು ಬೇಕು? ಆಗ ಭೌತಶಾಸ್ತ್ರದ ಕಲಿಕೆಯ ಬಗ್ಗೆ ಸಂಶೋಧನೆ ಮಾಡುತ್ತಿದ್ದ ಹಲ್ಲೂನ್ ಮತ್ತು ಹೆಸ್ಟೀನ್ಸ್ 1985ರಲ್ಲಿ ಬರೆದಿದ್ದ ಲೇಖನಗಳು ಅವರ ಕಣ್ಣಿಗೆ ಬಿದ್ದವು. ನ್ಯೂಟನ್ನನ ನಿಯಮಗಳನ್ನು ಬಾಯಿಪಾಠ ಒಪ್ಪಿಸುವ, ಲೆಕ್ಕವನ್ನೂ ಬಿಡಿಸುವ ವಿದ್ಯಾರ್ಥಿಗಳು ಮಾಮೂಲಿ ಭಾಷೆಯಲ್ಲಿ ಕೇಳಿದ ಪ್ರಶ್ನೆಗೆ ಎಡವುತ್ತಾರೆ ಅಂತ ಅದರಲ್ಲಿತ್ತು. ದೊಡ್ಡ ಲಾರಿ, ಚಿಕ್ಕ ಕಾರು ಗುದ್ದಿದರೆ ಯಾವುದು ಯಾವುದರ ಮೇಲೆ ಜಾಸ್ತಿ ಬಲ ಹಾಕುತ್ತದೆ? ಎರಡೂ ಸಮ. ಮೂರನೇ ನಿಯಮ ಹೇಳುವುದೇ ಅದು. ಆದರೆ ವಿದ್ಯಾರ್ಥಿಗಳ ಮನಸ್ಸು ಲಾರಿ ಕಡೆಗೇ.

ನಮ್ಮ ವಿದ್ಯಾರ್ಥಿಗಳು ಹಾಗಲ್ಲ ಅಂತ ಮಝೂರ್ ಅಂದುಕೊಂಡರು. ನಾವಾದರೂ ಹಾಗೇ ಅಂದುಕೊಳ್ಳುತ್ತಿದ್ದೆವು, ಅಲ್ವಾ? ಅಂಥ ಪ್ರಶ್ನೆಗಳ ಪರೀಕ್ಷೆಯನ್ನು ತಮ್ಮ ಕ್ಲಾಸಿಗೇ ಕೊಟ್ಟು ನೋಡಿದರು. ಒಬ್ಬ ವಿದ್ಯಾರ್ಥಿನಿ ಕೈ ಎತ್ತಿ ಕೇಳಿದಳಂತೆ: ಇದಕ್ಕೆ ನೀವು ಕಲಿಸಿದ ಹಾಗೆ ಬರೆಯಬೇಕಾ, ನಾನು ಯೋಚಿಸುವ ಹಾಗೆ ಬರೆಯಬೇಕಾ?

ಇಡೀ ವರ್ಷದ ಫೀಡ್‌ಬ್ಯಾಕ್ ಫಾರಂಗಳು ಹೇಳದೆ ಇದ್ದದ್ದನ್ನು ಆ ಒಂದು ಪ್ರಶ್ನೆ ಹೇಳಿತು. ಮಝೂರ್ ಆಮೇಲೆ ಪಾಠದ ನಡುವೆ ಪ್ರಶ್ನೆ ಹಾಕಿ, ವಿದ್ಯಾರ್ಥಿಗಳು ಅಕ್ಕಪಕ್ಕದವರ ಜೊತೆ ವಾದ ಮಾಡಿ ಉತ್ತರ ಬದಲಿಸಿಕೊಳ್ಳಲು ಬಿಡುವ ಕ್ರಮಕ್ಕೆ ಬಂದರು. ಆ ಕ್ರಮ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಿದೆ. ನಾನು ತೋರಿಸಬೇಕು ಅಂದುಕೊಂಡದ್ದು ಅದಕ್ಕೂ ಹಿಂದಿನ ಕ್ಷಣವನ್ನು. ಅವರನ್ನು ಅಲ್ಲಾಡಿಸಿದ್ದು ಯಾರ ಉಪದೇಶವೂ ಅಲ್ಲ. ಪ್ರಶ್ನೆಗಳಿದ್ದ ಒಂದು ಹಾಳೆ ಮತ್ತು ಅದಕ್ಕೆ ತಮ್ಮದೇ ವಿದ್ಯಾರ್ಥಿಗಳು ಕೊಟ್ಟ ಉತ್ತರ.

ಆ ಪ್ರಶ್ನೆಗಳನ್ನು ಹೆಸ್ಟೀನ್ಸ್ ಮತ್ತು ಸಂಗಡಿಗರು ತಿದ್ದಿ ತೀಡಿ 1992ರಲ್ಲಿ ಬಲದ ಪರಿಕಲ್ಪನೆಯ ಮೇಲಿನ ಪರೀಕ್ಷೆಯಾಗಿ ಹೊರಗೆ ತಂದರು. ಭೌತಶಾಸ್ತ್ರದ ಅಧ್ಯಾಪಕರಿಗೆ ಒಟ್ಟಿಗೆ ಕೂತು ನೋಡುವುದಕ್ಕೆ ಒಂದು ವಸ್ತು ಸಿಕ್ಕಿತು. 1998ರಲ್ಲಿ ಭೌತಶಾಸ್ತ್ರದವರೇ ಆದ ರಿಚರ್ಡ್ ಹೇಕ್ 62 ಕೋರ್ಸುಗಳ, 6 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಅಂಕ ಸೇರಿಸಿ ನೋಡಿದರು. ಕೋರ್ಸಿನ ಶುರುವಿನಲ್ಲಿ ಒಂದು ಪರೀಕ್ಷೆ, ಕೊನೆಯಲ್ಲಿ ಒಂದು. ಏರಬಹುದಾಗಿದ್ದ ಅಂಕದಲ್ಲಿ ನಿಜವಾಗಿ ಏರಿದ್ದು ಎಷ್ಟು? ಬರೀ ಉಪನ್ಯಾಸದ ಕ್ಲಾಸುಗಳಲ್ಲಿ ಸರಾಸರಿ ನೂರಕ್ಕೆ 23 ಪಾಲು. ವಿದ್ಯಾರ್ಥಿಗಳು ಮಾತಾಡಿ, ಮಾಡಿ ಕಲಿತ ಕ್ಲಾಸುಗಳಲ್ಲಿ 48. ಭೌತಶಾಸ್ತ್ರದವರು ಈ ವಿಷಯದಲ್ಲಿ ನಮ್ಮೆಲ್ಲರಿಗಿಂತ ಮುಂದೆ ಹೋದದ್ದು ಅವರು ಹೆಚ್ಚು ಒಳ್ಳೆಯ ಮೇಷ್ಟ್ರುಗಳು ಅಂತಲ್ಲ. ಅವರ ಮೇಜಿನ ಮೇಲೆ ಒಂದು ವಸ್ತು ಇತ್ತು. ಇದು ನನ್ನ ಅಭಿಪ್ರಾಯ, ಭೌತಶಾಸ್ತ್ರದ ಗೆಳೆಯರು ಜಗಳಕ್ಕೆ ಬರಬಹುದು.

ವಸ್ತು ಇಲ್ಲದೆ ಮಾತಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಇನ್ನೊಂದು ಪ್ರಸಂಗ. 1970ರ ದಶಕದಲ್ಲಿ ಅಮೆರಿಕದ ಬರ್ಕ್‌ಲಿ ವಿಶ್ವವಿದ್ಯಾಲಯದಲ್ಲಿ ಯೂರಿ ಟ್ರೈಸ್‌ಮನ್ ಗಣಿತದ ಸಂಶೋಧನಾ ವಿದ್ಯಾರ್ಥಿಯಾಗಿದ್ದರು. ಕ್ಯಾಲ್ಕುಲಸ್ ಕೋರ್ಸಿನಲ್ಲಿ ಕಪ್ಪು ವಿದ್ಯಾರ್ಥಿಗಳು ಹೆಚ್ಚು ಸಂಖ್ಯೆಯಲ್ಲಿ ಫೇಲಾಗುತ್ತಿದ್ದರು. ಯಾಕೆ ಅಂತ ಅಧ್ಯಾಪಕರನ್ನು ಕೇಳಿದರೆ ಉತ್ತರ ಎಲ್ಲರ ಬಾಯಲ್ಲೂ ಸಿದ್ಧ ಇತ್ತು. ಓದುವ ಹಟ ಇಲ್ಲ. ತಳಪಾಯ ಗಟ್ಟಿ ಇಲ್ಲ. ಮನೆಯಲ್ಲಿ ಒತ್ತಾಸೆ ಇಲ್ಲ. ಬಡತನ. ಎಲ್ಲವೂ ಕೇಳಲು ಸರಿಯಾಗಿಯೇ ಇತ್ತು. ಹೇಳಿದವರೂ ಕೆಟ್ಟವರಲ್ಲ, ಕಾಳಜಿ ಇದ್ದವರೇ.

ಟ್ರೈಸ್‌ಮನ್ ಅಷ್ಟಕ್ಕೇ ಬಿಡಲಿಲ್ಲ. ವಿದ್ಯಾರ್ಥಿಗಳು ಎಲ್ಲಿ ಓದುತ್ತಾರೋ ಅಲ್ಲಿಗೇ ಹೋಗಿ ನೋಡಿದರು. ಒಂದೂ ವಿವರಣೆ ನಿಲ್ಲಲಿಲ್ಲ. ಮನೆಯವರು ಬೆನ್ನಿಗೆ ನಿಂತಿದ್ದರು. ಹುಡುಗರು ಗಂಟೆಗಟ್ಟಲೆ ಓದುತ್ತಿದ್ದರು, ಆದರೆ ಒಬ್ಬೊಬ್ಬರೇ. ಅದೇ ಕೋರ್ಸಿನಲ್ಲಿ ಚೆನ್ನಾಗಿ ಮಾಡುತ್ತಿದ್ದ ಚೀನಾ ಮೂಲದ ವಿದ್ಯಾರ್ಥಿಗಳು ಮೊದಲು ತಾವೇ ಓದಿ, ಆಮೇಲೆ ಗುಂಪಾಗಿ ಕೂತು ಒಬ್ಬರ ಲೆಕ್ಕ ಒಬ್ಬರು ನೋಡುತ್ತಿದ್ದರು. ಎಲ್ಲರಿಗೂ ಒಂದು ಲೆಕ್ಕ ಬರಲಿಲ್ಲ ಅಂದರೆ ಲೆಕ್ಕವೇ ಕಷ್ಟ, ತಾನು ದಡ್ಡ ಅಲ್ಲ ಅಂತ ಅವರಿಗೆ ಗೊತ್ತಾಗುತ್ತಿತ್ತು. ಒಬ್ಬನೇ ಕೂತವನಿಗೆ ಅದು ಗೊತ್ತಾಗುವ ದಾರಿಯೇ ಇಲ್ಲ. ಟ್ರೈಸ್‌ಮನ್ ಕಪ್ಪು ವಿದ್ಯಾರ್ಥಿಗಳನ್ನು ಸೇರಿಸಿ, ಸುಲಭದ್ದಲ್ಲ, ಕಷ್ಟದ ಲೆಕ್ಕಗಳನ್ನೇ ಕೊಟ್ಟು ಒಟ್ಟಿಗೆ ಬಿಡಿಸುವ ವ್ಯವಸ್ಥೆ ಮಾಡಿದರು. ಫಲಿತಾಂಶ ಬದಲಾಯಿತು.

"ಈಗಿನ ಹುಡುಗರು" ಅಂತ ಶುರುವಾಗುವ ಯಾವ ಮಾತು ಕೇಳಿದರೂ ನನಗೆ ಬರ್ಕ್‌ಲಿಯ ಆ ಸಿದ್ಧ ಉತ್ತರಗಳು ನೆನಪಾಗುತ್ತವೆ. ಆ ಮಾತು ಸುಳ್ಳೇ ಆಗಿರಬೇಕು ಅಂತಿಲ್ಲ. ಆದರೆ ಅದಾದ ಮೇಲೆ ಮಾಡುವುದಕ್ಕೆ ನಮಗೆ ಏನೂ ಉಳಿಯುವುದಿಲ್ಲ. ಬಹುಶಃ ಅದಕ್ಕೇ ಅದು ಹಿತವಾಗಿರುವುದು.

ಈಗ ಕೆಲಸದ ಮಾತಿಗೆ ಬರೋಣ. ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಡೇವಿಡ್ ಪೇಸ್ ಮತ್ತು ಬೋಧನಾ ಕೇಂದ್ರದ ಜೋನ್ ಮಿಡೆನ್‌ಡಾರ್ಫ್ ಒಂದು ಪದ್ಧತಿ ರೂಪಿಸಿದರು. ಅದರ ತಿರುಳು ಒಂದು ಸಂದರ್ಶನ. ವಿದ್ಯಾರ್ಥಿಗಳು ವರ್ಷವರ್ಷವೂ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೋ ಆ ಒಂದು ಜಾಗ ಹಿಡಿಯಬೇಕು. ಆಮೇಲೆ ಬೇರೆ ವಿಷಯದ ಸಹೋದ್ಯೋಗಿಗಳು ಆ ಅಧ್ಯಾಪಕರನ್ನು ಕೂರಿಸಿಕೊಂಡು, "ಇದನ್ನು ನೀವು ಹೇಗೆ ಮಾಡುತ್ತೀರಿ?" ಅಂತ ಬಿಡದೆ ಕೇಳಬೇಕು. ಬೇರೆ ವಿಷಯದವರೇ ಯಾಕೆ? ನಮ್ಮ ವಿಷಯದವರಾದರೆ ಅರ್ಧ ಹೇಳಿದಾಗಲೇ "ಗೊತ್ತಾಯ್ತು ಬಿಡಿ" ಅಂದುಬಿಡುತ್ತಾರೆ.

ಉದಾಹರಣೆಗೆ ಹೀಗೆ ಅಂದುಕೊಳ್ಳಿ. ಇತಿಹಾಸದ ಅಧ್ಯಾಪಕಿಯೊಬ್ಬರು ಒಂದು ಹಳೆಯ ಪತ್ರ ಕೊಟ್ಟು "ವಿಮರ್ಶಾತ್ಮಕವಾಗಿ ಓದಿ ಬರೆಯಿರಿ" ಅಂತ ಅಸೈನ್‌ಮೆಂಟ್ ಕೊಟ್ಟಿದ್ದಾರೆ. ಎಲ್ಲರೂ ಸಾರಾಂಶ ಬರೆದು ತಂದಿದ್ದಾರೆ. ಜೀವಶಾಸ್ತ್ರದವರೊಬ್ಬರು ಎದುರಿಗೆ ಕೂತಿದ್ದಾರೆ.

"ಮೇಡಂ, ಈ ಪತ್ರ ನಿಮ್ಮ ಕೈಗೆ ಬಂದರೆ ಮೊದಲು ಏನು ಮಾಡ್ತೀರಿ?"

"ಓದ್ತೀನಿ."

"ಮೊದಲನೇ ಸಾಲಿನಿಂದಲಾ?"

"ಮೊದಲನೇ... ಇಲ್ಲ. ಮೊದಲು ಕೊನೆ ನೋಡ್ತೀನಿ. ಯಾರು ಬರೆದದ್ದು, ಯಾವ ತಾರೀಖು. ಆಮೇಲೆ ಯಾರಿಗೆ ಬರೆದದ್ದು ಅಂತ."

"ಅದು ಯಾಕೆ ಬೇಕು?"

"ಕೆಳಗಿನ ಅಧಿಕಾರಿ ಮೇಲಿನವನಿಗೆ ಬರೆದಿದ್ದರೆ ತನ್ನ ತಪ್ಪು ಬರೆಯಲ್ಲ ಅಲ್ವಾ. ಏನು ಬಿಟ್ಟಿದ್ದಾನೆ ಅಂತ ಹುಡುಕ್ತೀನಿ."

"ಬಿಟ್ಟದ್ದು ಹೇಗೆ ಸಿಗುತ್ತೆ ಮೇಡಂ? ಪತ್ರದಲ್ಲಿ ಇರೋದೇ ಇಲ್ವಲ್ಲ."

"ಅದೇ ತಿಂಗಳು ಬೇರೆ ಯಾರಾದರೂ ಬರೆದ ಪತ್ರ ಪಕ್ಕಕ್ಕೆ ಇಟ್ಕೊಳ್ತೀನಿ. ಅದರಲ್ಲಿ ಇದ್ದು ಇದರಲ್ಲಿ ಇಲ್ಲದ್ದು ಏನು ಅಂತ ನೋಡ್ತೀನಿ."

"ಹುಡುಗರಿಗೆ ಎಷ್ಟು ಪತ್ರ ಕೊಟ್ಟಿದ್ರಿ?"

"ಒಂದೇ."

ಇಲ್ಲಿಗೆ ಮುಗಿಯಿತು. ಯಾರೂ ಯಾರಿಗೂ ಬುದ್ಧಿ ಹೇಳಲಿಲ್ಲ. ಮುಂದಿನ ಸಲ ಆ ಅಧ್ಯಾಪಕಿ ಎರಡು ಪತ್ರ ಕೊಡುತ್ತಾರೆ. ಕೊನೆಯಿಂದ ಓದಲು ಶುರುಮಾಡಿ ಅಂತ ಕ್ಲಾಸಿನಲ್ಲಿ ಒಮ್ಮೆ ತಾವೇ ಮಾಡಿ ತೋರಿಸುತ್ತಾರೆ. ವರ್ಷಗಟ್ಟಲೆ ಮಾಡಿ ಮಾಡಿ ಅದು ಅವರ ಕೈಗೆ ಎಷ್ಟು ಹತ್ತಿಹೋಗಿತ್ತು ಅಂದರೆ, ಅದೊಂದು ಹೇಳಬೇಕಾದ ವಿಷಯ ಅಂತಲೇ ಕಾಣುತ್ತಿರಲಿಲ್ಲ. ಹೊರಗಿನವರು ಬಂದು ಕೇಳಿದ್ದರಿಂದ ಬಾಯಿಗೆ ಬಂತು.

ಇಂಥ ಮಾತನ್ನು ಕೆಡಿಸುವುದು ಬಹಳ ಸುಲಭ. ನಾವು ಮೇಷ್ಟ್ರುಗಳು. ಸಮಸ್ಯೆ ಕೇಳಿದ ತಕ್ಷಣ ಪರಿಹಾರ ನಾಲಿಗೆ ತುದಿಗೆ ಬರುತ್ತದೆ. "ನಾನಾದ್ರೆ ಏನು ಮಾಡ್ತೀನಿ ಅಂದ್ರೆ..." ಅಂತ ಒಬ್ಬರು ಶುರುಮಾಡಿದರೆ ಸಮಸ್ಯೆ ತಂದವರು ಬಾಯಿ ಮುಚ್ಚಿಕೊಳ್ಳುತ್ತಾರೆ. ಹಾಗಾಗಿ ನನಗೆ ಹಿಡಿಸಿದ ಒಂದು ಕಟ್ಟುಪಾಡು ಇದೆ: ಒಬ್ಬ ವಿದ್ಯಾರ್ಥಿಯ ಉತ್ತರ ಪತ್ರಿಕೆಯನ್ನು ಮೇಜಿನ ಮೇಲೆ ಇಟ್ಟು ಕೂತರೆ, ಮೊದಲ ಕಾಲು ಗಂಟೆ ಬರೀ ಪ್ರಶ್ನೆ. ಸಲಹೆ ಕೂಡದು. "ಹೀಗೆ ಮಾಡಬಹುದಿತ್ತಲ್ವಾ?" ಅನ್ನುವುದು ಪ್ರಶ್ನೆ ಅಲ್ಲ, ಪ್ರಶ್ನಾರ್ಥಕ ಚಿಹ್ನೆ ಹಾಕಿಕೊಂಡ ಸಲಹೆ. ಅದೂ ಕೂಡದು.

ಇನ್ನೊಂದು, ಹಿರಿತನ. ಕೋಣೆಯಲ್ಲಿ ವಿಭಾಗದ ಮುಖ್ಯಸ್ಥರಿದ್ದು, ತಾತ್ಕಾಲಿಕ ಹುದ್ದೆಯ ಕಿರಿಯರೊಬ್ಬರನ್ನು "ನೀವು ಶುರುಮಾಡಿ" ಅಂದರೆ ಅವರು ಏನು ಹೇಳಿಯಾರು? ಎಲ್ಲಾ ಚೆನ್ನಾಗಿ ನಡೀತಿದೆ ಸರ್ ಅನ್ನುತ್ತಾರೆ. ಅನ್ನಲೇಬೇಕು, ಕೆಲಸದ ಪ್ರಶ್ನೆ. ಅದಕ್ಕೇ ಮೇಜಿನ ಮೇಲೆ ಬರುವ ಮೊದಲ ಉತ್ತರ ಪತ್ರಿಕೆ ಹಿರಿಯರ ಕ್ಲಾಸಿನದ್ದೇ ಆಗಬೇಕು.

ಒಬ್ಬರ ಕ್ಲಾಸಿಗೆ ಇನ್ನೊಬ್ಬರು ಹೋಗಿ ಕೂರುವುದರ ಬಗ್ಗೆಯೂ ಹೇಳಬೇಕು. ಎಷ್ಟೋ ಕಡೆ ಇದನ್ನು ಕಡ್ಡಾಯ ಮಾಡಿ ಕೊಂದಿದ್ದಾರೆ. ಹಿಂದಿನ ಬೆಂಚಿನಲ್ಲಿ ಒಬ್ಬರು ಫಾರಂ ಹಿಡಿದು ಕೂತು, ಧ್ವನಿ ಸ್ಪಷ್ಟತೆಗೆ ಐದರಲ್ಲಿ ನಾಲ್ಕು, ಬೋರ್ಡ್ ಬಳಕೆಗೆ ಮೂರು ಅಂತ ಟಿಕ್ ಹಾಕುತ್ತಾರೆ. ಆ ಫಾರಂ ಪ್ರಮೋಷನ್ ಫೈಲಿಗೆ ಹೋಗುತ್ತದೆ ಅಂತ ಗೊತ್ತಿದ್ದರೆ ನಾನೂ ಅವತ್ತು ನನಗೆ ನೀರು ಕುಡಿದಷ್ಟು ಸಲೀಸಾದ ಪಾಠವನ್ನೇ ಮಾಡುತ್ತೇನೆ. ನೋಡಬೇಕಾದ ಪಾಠ ಯಾರಿಗೂ ಕಾಣುವುದೇ ಇಲ್ಲ. ಅಳೆಯುವುದಕ್ಕೂ ಕಲಿಯುವುದಕ್ಕೂ ಒಂದೇ ಭೇಟಿ ಆಗದು. ಕಾಗದ ಪಾಠ ಮಾಡಿದವರ ಕೈಯಲ್ಲೇ ಉಳಿಯಬೇಕು, ಆಫೀಸಿಗೆ ನಕಲು ಹೋಗಕೂಡದು.

ಕೂತವರು ತೀರ್ಪು ಬರೆಯುವುದು ಬಿಟ್ಟು ನಡೆದದ್ದನ್ನು ಬರೆದರೆ ಸಾಕು. "10.12: ಪ್ರಶ್ನೆ ಕೇಳಿದರು. ಒಂದೂವರೆ ಸೆಕೆಂಡ್. ಉತ್ತರ ತಾವೇ ಹೇಳಿದರು. 10.19: ಪ್ರಶ್ನೆ. ಮುಂದಿನ ಸಾಲಿನವಳು ಉತ್ತರ ಕೊಟ್ಟಳು. 10.24: ಪ್ರಶ್ನೆ. ಅವಳೇ." ಅಷ್ಟೇ. ಓದಿದವರಿಗೆ ಬೇರೆ ಏನೂ ಹೇಳಬೇಕಾಗಿಲ್ಲ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ಶಾಲಾ ಕ್ಲಾಸುಗಳ ಧ್ವನಿಮುದ್ರಣ ಕೇಳಿ ಲೆಕ್ಕ ಹಾಕಿದಾಗ, ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸರಾಸರಿ ಕಾಯುತ್ತಿದ್ದದ್ದು ಒಂದು ಸೆಕೆಂಡಿನ ಆಸುಪಾಸು. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾದವು, ಸುಮ್ಮನಿದ್ದವರೂ ಬಾಯಿ ಬಿಟ್ಟರು. ಮೂರು ಸೆಕೆಂಡ್ ಕೇಳಲು ಕಮ್ಮಿ. ಬೋರ್ಡಿನ ಮುಂದೆ ನಿಂತವರಿಗೆ ಯುಗ.

ವಿದ್ಯಾರ್ಥಿಗಳ ಫೀಡ್‌ಬ್ಯಾಕ್ ಇದೆಯಲ್ಲ, ಅದು ಸಾಲದಾ ಅನ್ನುವವರಿದ್ದಾರೆ. ಸಾಲದು. 2019ರಲ್ಲಿ ಹಾರ್ವರ್ಡ್‌ನ ಭೌತಶಾಸ್ತ್ರದ ಕ್ಲಾಸುಗಳಲ್ಲೇ ಒಂದು ಪ್ರಯೋಗದ ಫಲಿತಾಂಶ ಬಂತು. ತಾವೇ ಬಿಡಿಸಿ ಕಲಿತ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಜಾಸ್ತಿ ಅಂಕ ತೆಗೆದರು, ಆದರೆ ಕಮ್ಮಿ ಕಲಿತೆವು ಅಂದರು. ನಿರರ್ಗಳ ಉಪನ್ಯಾಸ ಕೇಳಿದವರು ಕಮ್ಮಿ ಅಂಕ ತೆಗೆದು, ಜಾಸ್ತಿ ಕಲಿತೆವು ಅಂದರು. ಕಷ್ಟಪಟ್ಟದ್ದು ಅವರಿಗೆ ಕಲಿತ ಹಾಗೆ ಅನ್ನಿಸಲಿಲ್ಲ. ಇದನ್ನು ತಿಳಿಯದೆ ಬರೀ ಫಾರಂ ನೋಡಿ ಪಾಠ ತಿದ್ದಿಕೊಂಡರೆ ಎತ್ತ ಹೋಗುತ್ತೇವೆ ಅಂತ ನೀವೇ ಯೋಚಿಸಿ. ಸೆಮಿಸ್ಟರ್ ಅರ್ಧದಲ್ಲಿ ಸಹೋದ್ಯೋಗಿಯೊಬ್ಬರು ಬಂದು, ಪಾಠ ಮಾಡುವವರನ್ನು ಹೊರಗೆ ಕಳಿಸಿ, ಯಾವುದು ಕಲಿಯಲು ನೆರವಾಗುತ್ತಿದೆ, ಯಾವುದು ಅಡ್ಡ ಬರುತ್ತಿದೆ ಅಂತ ವಿದ್ಯಾರ್ಥಿಗಳನ್ನು ಗುಂಪಿನಲ್ಲಿ ಕೇಳುವ ಕ್ರಮ ಅದಕ್ಕಿಂತ ಎಷ್ಟೋ ವಾಸಿ. ತಿದ್ದಿಕೊಳ್ಳಲು ಅರ್ಧ ಸೆಮಿಸ್ಟರ್ ಬಾಕಿ ಇರುತ್ತದೆ.

ನನ್ನ ಮಾತು ಇಷ್ಟು. ಈಗ ಪ್ರಶ್ನೆಗಳು.

*ಇದಕ್ಕೆಲ್ಲ ಟೈಮ್ ಎಲ್ಲಿದೆ ಸರ್? ವಾರಕ್ಕೆ ಹದಿನಾರು ಗಂಟೆ ಪಾಠ, ಮೇಲೆ ಮೌಲ್ಯಮಾಪನ.*

ಹೊಸದಾಗಿ ಟೈಮ್ ಹುಡುಕಿದರೆ ಸಿಗುವುದಿಲ್ಲ, ನಿಜ. ಇರುವುದನ್ನೇ ಕಿತ್ತುಕೊಳ್ಳಬೇಕು. ವಿಭಾಗದ ಸಭೆಯಲ್ಲಿ ಮೊದಲ ಅರ್ಧ ಗಂಟೆ ಓದಿ ಹೇಳುವ ಸುತ್ತೋಲೆಗಳನ್ನು ಹಿಂದಿನ ದಿನವೇ ಮೊಬೈಲಿಗೆ ಕಳಿಸಿಬಿಡಿ. ಆ ಅರ್ಧ ಗಂಟೆ ಒಂದು ಉತ್ತರ ಪತ್ರಿಕೆಗೆ. ಮೌಲ್ಯಮಾಪನದ ದಿನಗಳಂತೂ ಇದಕ್ಕೆ ಹೇಳಿ ಮಾಡಿಸಿದ್ದು. ಎಲ್ಲರೂ ಒಂದೇ ಹಾಲ್‌ನಲ್ಲಿ ಇರುತ್ತೀರಿ, ಪತ್ರಿಕೆಗಳೂ ಅಲ್ಲೇ ಇರುತ್ತವೆ.

*ನಮ್ಮ ವಿಭಾಗದಲ್ಲಿ ಯಾರಿಗೂ ಆಸಕ್ತಿ ಇಲ್ಲ. ಕರೆದರೆ ನಗುತ್ತಾರೆ.*

ವಿಭಾಗವನ್ನು ಬಿಟ್ಟುಬಿಡಿ. ಲುಂಡ್‌ನ ಅಧ್ಯಾಪಕರಿಗೂ ವಿಭಾಗವೆಲ್ಲ ಜೊತೆಗಿರಲಿಲ್ಲ. ಒಬ್ಬರು ಸಿಕ್ಕರೆ ಸಾಕು, ಬೇರೆ ವಿಷಯದವರಾದರೆ ಇನ್ನೂ ಒಳ್ಳೆಯದು. ಹೋಗುವಾಗ "ಪಾಠದ ಬಗ್ಗೆ ಚರ್ಚೆ ಮಾಡೋಣ" ಅನ್ನಬೇಡಿ, ಓಡಿಹೋಗುತ್ತಾರೆ. ಕೈಯಲ್ಲಿ ಒಂದು ಪತ್ರಿಕೆ ಹಿಡಿದುಕೊಂಡು ಹೋಗಿ, "ಈ ಹುಡುಗ ಯಾಕೆ ಹೀಗೆ ಬರೆದಿದ್ದಾನೆ ನಿಮಗೇನಾದ್ರೂ ಹೊಳೆಯುತ್ತಾ?" ಅಂತ ಕೇಳಿ.

*ಪಾಠ ಮಾಡೋದು ಹುಟ್ಟುಗುಣ ಅಲ್ವಾ ಸರ್? ಮಾತಾಡಿದರೆ ಬರುತ್ತಾ?*

ಮಾತಿನ ಸೊಗಸು, ತಮಾಷೆ, ಎದುರಿಗೆ ನಿಂತು ಹಿಡಿದಿಡುವ ಶಕ್ತಿ, ಇವು ಕೆಲವರಿಗೆ ಹುಟ್ಟಿನಿಂದ ಜಾಸ್ತಿ ಬಂದಿರುತ್ತವೆ, ಒಪ್ಪಿದೆ. ಆದರೆ ಹುಡುಗರು ಒಂದು ಪತ್ರ ಕೊಟ್ಟರೆ ಸಾರಾಂಶ ಬರೆಯುತ್ತಾರೆ, ಎರಡು ಕೊಟ್ಟರೆ ಹೋಲಿಸುತ್ತಾರೆ ಅನ್ನುವುದು ಯಾರಿಗೂ ಹುಟ್ಟಿನಿಂದ ಬರುವುದಿಲ್ಲ. ಅದನ್ನು ಒಬ್ಬರು ಕಂಡುಕೊಂಡಿರುತ್ತಾರೆ, ಉಳಿದವರು ಅವರನ್ನು ಕೇಳಬೇಕು.